ಅಪ್ಪಾಸಾಬನ ಪಾಲಿನ ತತ್ತಿ

ಬನಹಟ್ಟಿಯ ಮಗ್ಗದ ಓಣಿಯಲ್ಲಿ ಮೆಲ್ಲಗೆ ಮಾತಾಡುವವರು ಬಾಳುವುದು ಕಷ್ಟ. ಎಡಕ್ಕೆ ಬಲಕ್ಕೆ ಪಾವರ್‌ಲೂಮುಗಳು ದಿನವಿಡೀ ಖಟಪಟ ಬಡಿಯುತ್ತಿರುವಾಗ ಚಿಟಿಕೆ ಉಪ್ಪು ಕೇಳಬೇಕಾದರೂ ಹೊಳೆಯ ಆಚೆ ದಡದವರನ್ನು ಕರೆದಂತೆ ಕೂಗಬೇಕು. ಅಂಥ ಓಣಿಯಲ್ಲೂ ಸತ್ಯವ್ವನ ದನಿ ದೊಡ್ಡದೆಂದು ಹೆಸರಾಗಿತ್ತು. ತುಬಚಿಯ ಕುರಿಗಾರರ ಮನೆಯ ಹುಡುಗಿ. ಅಡವಿಯಲ್ಲಿ ಚದುರಿದ ಕುರಿಗಳನ್ನು ಕೂಗಿ ಕೂಗಿ ಕೂಡಿಸಿ ಬೆಳೆದ ಗಂಟಲು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಗಂಡನನ್ನು ಊಟಕ್ಕೆ ಕರೆದರೆ ಪಕ್ಕದ ಮನೆಯ ಶಂಕ್ರೆವ್ವ ತನ್ನ ಗಂಡನನ್ನೂ ತಾಟಿನ ಮುಂದೆ ಕೂಡಿಸಿಬಿಡುತ್ತಿದ್ದಳು, ಹೇಗೂ ಕರೆಯುವ ಕೆಲಸ ಮುಗಿಯಿತಲ್ಲ ಎಂದು.

ಗಂಡ ಅಪ್ಪಾಸಾಬ ಇದಕ್ಕೆ ಪೂರ್ತಿ ಉಲ್ಟಾ. ಮಾತಿಗೂ ರೊಕ್ಕ ಕೊಡಬೇಕೇನೋ ಎಂಬಂತೆ ತುಟಿ ಬಿಗಿದ ಮನುಷ್ಯ. ಅವನ ಮೂಲ ಊರು ಬೀಳಗಿ ಕಡೆಯದು. ಆಲಮಟ್ಟಿಯ ಹಿನ್ನೀರು ಬಂದು ಹೊಲ, ಮನೆ, ಕುರಿದೊಡ್ಡಿ ಎಲ್ಲವನ್ನೂ ನುಂಗಿದಾಗ ಅವನ ಅಪ್ಪನ ಕೈಗೆ ಪರಿಹಾರದ ಹಣ ಬಂತು. ಬಂದದ್ದೇ ತಡ, ಯಾವತ್ತೂ ಹೊಸ್ತಿಲು ತುಳಿಯದ ನೆಂಟರೆಲ್ಲ ಬಂದರು. ಒಬ್ಬ ಹಿಟ್ಟಿನ ಗಿರಣಿಯಲ್ಲಿ ಪಾಲು ಕೊಡುತ್ತೇನೆಂದ, ಇನ್ನೊಬ್ಬ ಹಳೆಯ ಟ್ರ್ಯಾಕ್ಟರು ಕೊಡಿಸಿದ. ಗಿರಣಿ ಶುರುವಾಗಲೇ ಇಲ್ಲ. ಟ್ರ್ಯಾಕ್ಟರು ಒಮ್ಮೆ ನಿಂತದ್ದು ಮತ್ತೆ ಶುರುವಾಗಲಿಲ್ಲ. ಹಣ ಖಾಲಿಯಾದ ಮೇಲೆ ನೆಂಟರೂ ಕಾಣಲಿಲ್ಲ. ಮನೆಮಂದಿ ಬನಹಟ್ಟಿಗೆ ಬಂದು ಮಗ್ಗ ಹಿಡಿದರು. ಅಪ್ಪ ಇಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡ, ಸ್ವಲ್ಪ ದಿನಕ್ಕೆ ಅವ್ವನೂ ಹೋದಳು. ಅಂದಿನಿಂದ ಅಪ್ಪಾಸಾಬ ನೋಟು ಕಂಡರೆ ಕಳ್ಳನನ್ನು ಕಂಡಂತೆ ನೋಡುತ್ತಿದ್ದ. ನಾಲ್ಕು ಕಾಲಿನ ಮೇಲೆ ನಿಂತದ್ದಷ್ಟೇ ಆಸ್ತಿ ಎಂಬುದು ಅವನ ಖಚಿತ ಅಭಿಪ್ರಾಯ.

ಹಾಗೆ ನಾಲ್ಕು ಕಾಲಿನ ಮೇಲೆ ನಿಂತ ಆಸ್ತಿ ಅವನಿಗೆ ಒಂದೇ ಇತ್ತು: ಹಿತ್ತಲಿನ ಬೇವಿನ ಗಿಡದ ಕೆಳಗೆ ಕಟ್ಟಿದ ಕಾಳಗದ ಟಗರು. ಹೆಸರು ಸರದಾರ. ಹಣೆಗೆ ಬೀರಪ್ಪ ದೇವರ ಅರಿಸಿನದ ಭಂಡಾರ, ಕೊರಳಿಗೆ ಕರಿ ಉಣ್ಣೆಯ ದಾರ. ಟಗರಿನ ವಯಸ್ಸು ಹಲ್ಲಿನ ಲೆಕ್ಕ; ಎರಡು ಹಲ್ಲಿನ ಟಗರುಗಳ ಕಾಳಗದಲ್ಲಿ ಗೆದ್ದು ಬಹುಮಾನ ತಂದಿತ್ತು; ಈಗ ನಾಲ್ಕು ಹಲ್ಲಿಗೆ ಬಂದಿತ್ತು. ಹೆಂಡತಿಯ ಜೊತೆ ಆಡದ ಮಾತನ್ನೆಲ್ಲ ಅಪ್ಪಾಸಾಬ ಅದರ ಜೊತೆ ಆಡುತ್ತಾನೆಂದು ಓಣಿಯವರು ನಗುತ್ತಿದ್ದರು. ಸತ್ಯವ್ವನೂ ನಗುತ್ತಿದ್ದಳು. ಕುಡಿತವಿಲ್ಲ, ಇಸ್ಪೀಟಿಲ್ಲ, ಒಂದು ಟಗರಿನ ಹುಚ್ಚು ಇದ್ದರೆ ಇರಲಿ ಎಂದು ಬಿಟ್ಟಿದ್ದಳು.

ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ಅಪ್ಪಾಸಾಬನಿಗೆ ಕೆಮ್ಮು ಹತ್ತಿತು. ಮಗ್ಗದವರಿಗೆ ಕೆಮ್ಮು ಹೊಸದಲ್ಲ. ಹತ್ತಿಯ ಧೂಳು ಗಂಟಲಿಗಿಳಿದರೆ ಎಲ್ಲರೂ ಕೆಮ್ಮುವವರೇ. ಓಣಿಯ ತುದಿಯ ಕಂಪೌಂಡರ ವಾರಕ್ಕೊಂದು ಸೂಜಿ, ವಾರಕ್ಕೊಂದು ಕೆಂಪು ಔಷಧದ ಬಾಟಲಿ ಕೊಟ್ಟ. ಬಾಟಲಿ ಮುಗಿದವು, ಕೆಮ್ಮು ಮುಗಿಯಲಿಲ್ಲ. ಸಂಜೆಯಾದರೆ ಮೈ ಬಿಸಿ, ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ. ಕೊನೆಗೆ ಸತ್ಯವ್ವ ಅವನ ರಟ್ಟೆ ಹಿಡಿದು ಸರ್ಕಾರಿ ದವಾಖಾನೆಗೆ ಎಳೆದೊಯ್ದಳು. ಕಫ ನೋಡಿ ಡಾಕ್ಟರು ಹೇಳಿದರು, ಟಿಬಿ. ಆರು ತಿಂಗಳ ಗುಳಿಗೆ, ಪುಕ್ಕಟೆ. ಮಗ್ಗದ ಧೂಳಿನ ಹತ್ತಿರ ಸುಳಿಯಕೂಡದು. ಹಾಲು, ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಬೇಕು, ಮೈಗೆ ಕಸುವು ಬರದಿದ್ದರೆ ಬರೀ ಗುಳಿಗೆ ಏನು ಮಾಡೀತು. ದಿನ ಬಿಟ್ಟು ದಿನ ಅಂಗನವಾಡಿಯ ಸಾವಿತ್ರೆವ್ವನ ಮುಂದೆ ಕೂತು ಗುಳಿಗೆ ನುಂಗಬೇಕು.

ಮನೆಗೆ ಬಂದು ಅಪ್ಪಾಸಾಬ ಗೋಡೆಗೆ ಮುಖ ಮಾಡಿ ಮಲಗಿದ. ಯಾರಿಗೂ ಹೇಳಬೇಡ ಎಂದ. ಸತ್ಯವ್ವನಿಗೆ ಗುಟ್ಟು ಮಾಡುವ ವಿದ್ಯೆ ಹುಟ್ಟಿನಿಂದಲೇ ಬಂದಿರಲಿಲ್ಲ. ನಾಳೆ ಓಣಿಯವರು ಬಾಯಿಗೆ ಸೆರಗು ಹಿಡಿದು ಗುಸುಗುಸು ಮಾಡುವುದಕ್ಕಿಂತ ಇವತ್ತು ತಾನೇ ಹೇಳುವುದು ವಾಸಿ ಎಂದು ಕಟ್ಟೆಯ ಮೇಲೆ ನಿಂತು ಶುರು ಮಾಡಿದಳು.

“ಕೇಳ್ರೆವ್ವಾ, ನಮ್ಮ ಮಾಯಾನ ಅಪ್ಪಗ ಟಿಬಿ ಆಗೈತಿ. ಗುಳಿಗಿ ಚಾಲೂ ಆಗೈತಿ. ಹತ್ರ ಬರೂದ ಬ್ಯಾಡ ಅನ್ನಾವ್ರು ದೂರ ಇರ್ರಿ, ನನಗೇನ ಸಿಟ್ಟಿಲ್ಲ. ಆದ್ರ ಹಿಂದ ಆಡಕೊಂಡ್ರ ಮಾತ್ರ ಸುಮ್ನ ಬಿಡೂದಿಲ್ಲ!”

ಮಗ್ಗಗಳ ಸದ್ದಿನಲ್ಲೂ ಓಣಿಯ ಈ ತುದಿಯಿಂದ ಆ ತುದಿಗೆ ಸುದ್ದಿ ಮುಟ್ಟಿತು. ಗುಸುಗುಸು ಮಾಡಲು ಏನೂ ಉಳಿಯದೆ ಹೆಂಗಸರು ನಿರಾಶರಾದರು.

ಮಗಳು ಮಾಯಾ ಇನ್ನೂ ಚಿಕ್ಕವಳು. ಅವಳನ್ನು ತುಬಚಿಗೆ, ತನ್ನ ತವರಿಗೆ ಕಳಿಸಿದಳು. ಮನೆಯಲ್ಲಿ ಉಳಿದವರು ಇಬ್ಬರು ಮತ್ತು ಒಂದು ಟಗರು. ಟಗರನ್ನು ಮಾರಿದರೆ ಹೇಗೆಂದು ಸತ್ಯವ್ವ ಒಮ್ಮೆ ಬಾಯಿಬಿಟ್ಟಳು. ಅಪ್ಪಾಸಾಬ ಅಂದು ರಾತ್ರಿ ಉಣ್ಣಲಿಲ್ಲ, ಮರುದಿನ ಬೆಳಗ್ಗೆಯೂ ಉಣ್ಣಲಿಲ್ಲ. ಸರಿ, ಜಡ್ಡಿನವನ ಜೊತೆ ಏನು ಜಗಳ ಎಂದು ಅವಳು ಆ ಮಾತನ್ನು ಕೈಬಿಟ್ಟು ನೇರ ಮಗ್ಗದ ಮಾಲಕ ಮಲಕಾಜಪ್ಪನ ಹತ್ತಿರ ಹೋದಳು.

“ಮಾಲಕರ, ಅವರು ನಡಸೂ ಎರಡು ಮಗ್ಗ ನಾ ನಡಸ್ತೇನ್ರಿ.”

ಮಲಕಾಜಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿದ. “ಕಂಡಿಕಿಗೆ ನೂಲ ಸುತ್ತೂದು ಬ್ಯಾರೆ, ಮಗ್ಗ ನಡಸೂದು ಬ್ಯಾರೆ ತಂಗಿ.”

“ಇಷ್ಟ ವರ್ಷ ಬಾಜೂಕ ಕುಂತು ಕಂಡಿಕಿ ಸುತ್ತೇನಿ, ಕಣ್ಣ ಮುಚ್ಚಕೊಂಡ ಸುತ್ತಿಲ್ರಿ. ಅವರು ಮಾಡಿದ್ದೆಲ್ಲಾ ನೋಡೇನಿ.”

“ನೋಡಿದ್ರ ಬರ್ತೈತೇನ?”

“ಬರದಿದ್ರ ಪಗಾರ ಕೊಡಬ್ಯಾಡ್ರಿ.”

ಈ ಮಾತು ಮಲಕಾಜಪ್ಪನಿಗೆ ತಿಳಿಯಿತು. ಒಪ್ಪಿದ.

ಮೊದಲ ಸೀರೆ ಮಗ್ಗದಿಂದ ಇಳಿದಾಗ ಮಲಕಾಜಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಇದನ್ನ ಹೊಳೀ ದಂಡಿಗೆ ಒಯ್ದು ಮೀನ ಹಿಡಿಯಾವ್ರಿಗೆ ಮಾರಬೇಕ ನೋಡು” ಎಂದ. ಕೆಲಸದವರೆಲ್ಲ ನಕ್ಕರು, ಸತ್ಯವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು, ನಗುತ್ತಲೇ ಹರಿದ ಎಳೆಗಳಿಗೆ ಗಂಟು ಹಾಕಿದಳು. ಲಾಳಿಯ ತೂತಿಗೆ ಬಾಯಿ ಹಚ್ಚಿ ನೂಲನ್ನು ಹೀರಿ ಹೊರಗೆಳೆಯುವುದು ಮಗ್ಗದವರ ರೂಢಿ. ಅಪ್ಪಾಸಾಬನೂ ಅದೇ ಲಾಳಿಗಳಿಗೆ ಬಾಯಿ ಹಚ್ಚಿದವನು. ಅದು ಗೊತ್ತಾಗಿ ಸಾವಿತ್ರೆವ್ವ ಹೌಹಾರಿದ ಮೇಲೆ ಸತ್ಯವ್ವ ಲಾಳಿಗಳನ್ನು ಬಿಸಿನೀರಿನಲ್ಲಿ ತೊಳೆದು, ತಲೆಯ ಪಿನ್ನನ್ನೇ ಕೊಕ್ಕೆ ಮಾಡಿಕೊಂಡು ನೂಲು ಎಳೆಯತೊಡಗಿದಳು. ದೀಪಾವಳಿಯ ಹೊತ್ತಿಗೆ ಅವಳ ಸೀರೆಯಲ್ಲಿ ಮೀನು ಹಿಡಿಯಲು ಸಾಧ್ಯವಿರಲಿಲ್ಲ.

ವಾರದ ಪಗಾರ ಕೈಗೆ ಬಂದರೆ ಅವಳು ಮೊದಲು ಹೋಗುತ್ತಿದ್ದದ್ದು ಮೊಟ್ಟೆಯ ಅಂಗಡಿಗೆ. ದಿನಾ ಹಾಲು, ಮೊಟ್ಟೆಯ ಖರ್ಚು ಪರವಡುವ ಮನೆಯಲ್ಲ ಅದು. ತನ್ನ ತಾಟಿನಿಂದ ಪಲ್ಯ ತೆಗೆದಳು, ಚಹಾದಿಂದ ಹಾಲು ತೆಗೆದಳು, ಒಣರೊಟ್ಟಿ ಕೆಂಪುಖಾರಕ್ಕೆ ಬಂದು ನಿಂತಳು. ಗಂಡನಿಗೆ ಮಾತ್ರ ಬೆಳಗ್ಗೆ ಎರಡು ಮೊಟ್ಟೆ, ಒಂದು ಲೋಟ ಹಾಲು ಇಟ್ಟೇ ಮಗ್ಗಕ್ಕೆ ಹೋಗುವುದು. ಮೊದಲು ಕುದಿಸಿ ಇಡುತ್ತಿದ್ದಳು. ಸ್ವಲ್ಪ ದಿನಕ್ಕೆ ಅಪ್ಪಾಸಾಬ ಅಪರೂಪಕ್ಕೆ ಬಾಯಿಬಿಟ್ಟ.

“ಕುದಿಸಿದ್ದು ಹೊಟ್ಟಿ ಉಬ್ಬಸ್ತೈತಿ. ಹಸೀದ ಇಡು, ಹಾಲಾಗ ಒಡದ ಹಾಕ್ಕೊಂಡ ಕುಡೀತೇನಿ.”

ಗಂಡ ಏನನ್ನೋ ಬಾಯಿಬಿಟ್ಟು ಕೇಳಿದನೆಂದು ಸತ್ಯವ್ವನಿಗೆ ಎಷ್ಟು ಖುಷಿಯಾಯಿತೆಂದರೆ ಅಂದು ಮಗ್ಗದ ಮುಂದೆ ನಿಂತು ಹಾಡಿದಳು. ಅವಳ ಹಾಡಿಗೆ ಮಗ್ಗದ ಸದ್ದೇ ವಾಸಿ ಎಂದು ಪಕ್ಕದ ಕೆಲಸದವ ಹೇಳಿದ.

ಚಳಿಗಾಲ ಬಂತು. ಮನೆಯಲ್ಲಿ ಒಬ್ಬರು ದಪ್ಪಗಾಗುತ್ತಿದ್ದರು, ಅದು ಸರದಾರ. ಉಣ್ಣೆ ಎಣ್ಣೆ ಹಚ್ಚಿದಂತೆ ಮಿರಿಮಿರಿ ಮಿಂಚುತ್ತಿತ್ತು, ಕುತ್ತಿಗೆ ಗಾಡಿಯ ಅಚ್ಚಿನಷ್ಟು ಗಟ್ಟಿಯಾಗಿತ್ತು. ಮುಧೋಳದಿಂದ ಟಗರು ಸಾಕುವ ಮಾಳು ಮೋಟರ್‌ಸೈಕಲ್ ಹತ್ತಿ ಪದೇ ಪದೇ ಬಂದು ನೋಡುವನು, ಬಂದಾಗೊಮ್ಮೆ ಬೆಲೆ ಏರಿಸುವನು, ಅಪ್ಪಾಸಾಬ ತಲೆ ಅಲ್ಲಾಡಿಸುವನು. ಬೇವಿನ ಸೊಪ್ಪಿನಲ್ಲಿ ಇಷ್ಟು ಕಸುವು ಇದೆಯೇ ಎಂದು ಸತ್ಯವ್ವ ಆಶ್ಚರ್ಯಪಟ್ಟಳು, ಅಷ್ಟಕ್ಕೇ ಬಿಟ್ಟಳು. ಬುದ್ಧಿವಂತೆ, ಆದರೆ ಗಂಡನ ಮೇಲೆ ಅನುಮಾನ ಪಡುವ ಅಭ್ಯಾಸ ಮಾಡಿಕೊಂಡಿರಲಿಲ್ಲ.

ಎರಡು ತಿಂಗಳ ಗುಳಿಗೆ ಮುಗಿದು ಮತ್ತೆ ಕಫ ಕೊಟ್ಟರು. ರೋಗದ ಹುಳ ಇನ್ನೂ ಇದ್ದವು. ತೂಕದ ಯಂತ್ರದ ಮುಳ್ಳು ಹಿಂದಿನ ಸಲಕ್ಕಿಂತ ಕೆಳಗೆ ನಿಂತಿತು. ಡಾಕ್ಟರು ಕನ್ನಡಕದ ಮೇಲಿನಿಂದ ಸತ್ಯವ್ವನನ್ನು ನೋಡಿ, “ಏನಮ್ಮಾ, ಇವರಿಗೆ ಊಟ ಸರಿಯಾಗಿ ಹಾಕ್ತೀಯೋ ಇಲ್ವೋ?” ಎಂದರು.

“ಊಟಾ ಹಾಕ್ತೇನೋ ಇಲ್ಲೋ ಅಂತ ಕೇಳ್ತೀರೇನ್ರೀ ಸಾಹೇಬ್ರ? ದಿನಾ ಎರಡ ತತ್ತಿ! ದಿನಾ ಹಾಲು!” ದವಾಖಾನೆಯ ಹೊರಗೆ ಸಾಲಿನಲ್ಲಿ ಕೂತವರೆಲ್ಲ ಎದ್ದು ನಿಂತರು.

ಡಾಕ್ಟರು ಕೈ ಎತ್ತಿ ಸಮಾಧಾನ ಮಾಡಿದರು. ಅದೇ ಗುಳಿಗೆಯನ್ನು ಇನ್ನೊಂದು ತಿಂಗಳು ಮುಂದುವರಿಸೋಣ, ಆದರೆ ಹೀಗೇ ಇಳಿಯುತ್ತ ಹೋದರೆ ಕಷ್ಟ ಎಂದರು. ಕಷ್ಟ ಎಂದರೆ ಏನೆಂದು ಸತ್ಯವ್ವ ಕೇಳಲಿಲ್ಲ. ಟಂಟಂ ಗಾಡಿಯಲ್ಲಿ ಮನೆಗೆ ಮರಳುವಾಗ ಗಂಡನ ಅಂಗಿಯ ತೋಳನ್ನು ಹಿಡಿದೇ ಕೂತಿದ್ದಳು. ಈ ಮನುಷ್ಯ ತನ್ನ ಕೈಯಿಂದ ಜಾರಿ ಹೋಗುತ್ತಿದ್ದಾನೆ ಎಂದು ಅವಳಿಗೆ ಅಂದು ಮೊದಲ ಬಾರಿಗೆ ಭಯವಾಯಿತು. ಮರುದಿನದಿಂದ ಮೊಟ್ಟೆ ಮೂರಾದವು.

ಅದೇ ವಾರ ಒಂದು ಬೆಳಗ್ಗೆ ಕರೆಂಟು ಹೋಯಿತು. ಬನಹಟ್ಟಿಯಲ್ಲಿ ಕರೆಂಟು ಹೋದರೆ ಊರಿಗೆ ಊರೇ ಬಾಯಿ ಮುಚ್ಚುತ್ತದೆ. ಗುಬ್ಬಿಗಳು ಇವೆ ಎಂದು ಜನಕ್ಕೆ ನೆನಪಾಗುವುದೇ ಆಗ. ಕರೆಂಟು ಬರುವವರೆಗೆ ನಾಲ್ಕು ರೊಟ್ಟಿ ಬಡಿದು ಬರೋಣವೆಂದು ಸತ್ಯವ್ವ ಮನೆಗೆ ಬಂದಳು. ಒಳಗೆ ಗಂಡ ಇರಲಿಲ್ಲ. ಹಿತ್ತಲಿನಿಂದ ಅವನ ದನಿ ಕೇಳಿತು.

“ಕುಡಿಯೋ ಸರದಾರ, ಇನ್ನೊಂದ ಗುಟಕ. ಚೆಲ್ಲಬ್ಯಾಡ, ಅಕಿ ದುಡದ ತಂದದ್ದೈತಿ.”

ಸತ್ಯವ್ವ ಬಾಗಿಲಲ್ಲಿ ನಿಂತು ನೋಡಿದಳು. ಅಪ್ಪಾಸಾಬ ಟಗರಿನ ಕೊರಳನ್ನು ತೊಡೆಗಳ ನಡುವೆ ಹಿಡಿದು, ಬಿದಿರಿನ ಗೊಟ್ಟವನ್ನು ಅದರ ಬಾಯಿಗಿಟ್ಟು ಹಾಲು ಬೆರೆಸಿದ ಮೊಟ್ಟೆ ಕುಡಿಸುತ್ತಿದ್ದ. ಅಷ್ಟಕ್ಕೇ ಅವನಿಗೆ ಏದುಸಿರು ಬಂದಿತ್ತು. ಕಾಲ ಬುಡದಲ್ಲಿ ಮೂರು ಮೊಟ್ಟೆಯ ಚಿಪ್ಪು ಬಿದ್ದಿದ್ದವು.

ಆಮೇಲೆ ಸತ್ಯವ್ವ ಕೂಗಿದ್ದನ್ನು ರಬಕವಿಯವರೂ ಕೇಳಿದರೆಂದು ಶಂಕ್ರೆವ್ವ ಆಣೆ ಮಾಡಿ ಹೇಳುತ್ತಾಳೆ.

“ನಾ ಬರೇ ಖಾರದಾಗ ರೊಟ್ಟಿ ಮುರಕೊಂಡ ತಿಂದು ನಿಮಗ ತತ್ತಿ ತರ್ತೇನಿ, ನೀವು ಟಗರಿಗೆ ಬಾಣಂತನ ಮಾಡಾಕತ್ತೀರೇನ್ರಿ? ನಾಚಿಕಿ ಬರೂದಿಲ್ಲೇನು? ಡಾಕ್ಟರ ನನ್ನ ಮುಖಕ್ಕ ಉಗಳೂದೊಂದ ಬಾಕಿ ಇತ್ತು! ನಾ ಬೇಕೋ, ಈ ಟಗರ ಬೇಕೋ, ಇವತ್ತ ಹೇಳಿಬಿಡ್ರಿ!”

ಶಂಕ್ರೆವ್ವ ಆಗಲೇ ಹಿತ್ತಲ ಗೋಡೆಯ ಮೇಲೆ ಗದ್ದ ಊರಿದ್ದಳು. ಅಪ್ಪಾಸಾಬ ಗೊಟ್ಟವನ್ನು ಕೆಳಗಿಟ್ಟು, ಕೆಮ್ಮು ನಿಲ್ಲುವವರೆಗೆ ಕಾದು, ಟಗರಿನ ಬೆನ್ನು ನೋಡುತ್ತ ಮಾತಾಡಿದ. ಮದುವೆಯಾದಾಗಿನಿಂದ ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

“ನಮ್ಮಪ್ಪನ ಕೆಮ್ಮು ನನಗ ನೆನಪೈತಿ ಸತ್ಯಾ. ಥೇಟ್ ಹಿಂಗ ಇತ್ತು. ಅಂವ ಹೋದಾಗ ಮಣ್ಣ ಮಾಡಾಕೂ ಅವ್ವನ ಕೈಯಾಗ ಏನೂ ಇರಲಿಲ್ಲ. ಓಣ್ಯಾಗ ಮನಿ ಮನಿ ತಿರುಗಿ ಪಟ್ಟಿ ಎತ್ತಿದ್ರು. ಆಮ್ಯಾಲ ಅವ್ವ ಒಬ್ಬರ ಮುಖಾನೂ ನೋಡಲಿಲ್ಲ, ಅದ ಕೊರಗಿನ್ಯಾಗ ಹೋದ್ಲು. ನಾ ರೊಕ್ಕ ಬಿಟ್ಟ ಹೋದ್ರ ನೆಂಟ್ರು ತಿಂತಾರ. ಇಂವನ್ನ ಬಿಟ್ಟ ಹೋದ್ರ ನೀ ಮಾರಕೋಬಹುದು. ಇನ್ನ ನಾಕ ತಿಂಗಳ ಮೇಸಿದ್ರ ನಲವತ್ತ ಸಾವಿರ ಕೊಡ್ತೇನಿ ಅಂದಾನ ಮಾಳು. ನಿನಗೂ ಮಾಯಾಗೂ ಒಂದೆರಡ ವರ್ಷ ಸಾಗತೈತಿ.” ಅವನು ಉಸಿರು ತೆಗೆದುಕೊಂಡ. “ನಾ ತಿಂದ ತತ್ತಿ ನನ್ನ ಕೂಡ ಮಣ್ಣಾಗ ಹೋಗತೈತಿ. ಇಂವ ತಿಂದದ್ದು ನಿನಗ ಮುಟ್ಟತೈತಿ.”

ಕರೆಂಟಿಲ್ಲದ ಆ ನಿಶ್ಶಬ್ದದಲ್ಲಿ ಟಗರು ತುಟಿ ಚಪ್ಪರಿಸುವುದೊಂದೇ ಕೇಳುತ್ತಿತ್ತು. ಸತ್ಯವ್ವ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಇಷ್ಟು ದಿನ ತಾನು ಗಂಡನನ್ನು ಉಳಿಸಿಕೊಳ್ಳಲು ಮಗ್ಗ ಬಡಿದರೆ ಅವನು ಅದೇ ದುಡಿಮೆಯಲ್ಲಿ ತನ್ನ ಸಾವಿನ ತಯಾರಿ ನಡೆಸಿದ್ದ. ಸಿಟ್ಟು ಬಂತು. ಇಂಥ ಪೆದ್ದ ಗಂಡನನ್ನು ಇಷ್ಟೊಂದು ಹಚ್ಚಿಕೊಂಡಿದ್ದೇನಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು. ಗೋಡೆಯ ಮೇಲಿದ್ದ ಶಂಕ್ರೆವ್ವ ಕೂಡ ಸೆರಗಿನಲ್ಲಿ ಮೂಗು ಒರೆಸಿಕೊಂಡು ಮೆಲ್ಲಗೆ ಕೆಳಗಿಳಿದಳು.

ಅಳು ನಿಂತ ಮೇಲೆ ಸತ್ಯವ್ವ ಮುಖ ತೊಳೆದುಕೊಂಡಳು. ಪಾನಂಗಡಿಯ ಕಾಯಿನ್ ಫೋನಿಗೆ ರೂಪಾಯಿ ಹಾಕಿ ಮುಧೋಳಕ್ಕೆ ಫೋನು ಹಚ್ಚಿದಳು. ಸಂಜೆಯಾಗುವ ಮೊದಲೇ ಮಾಳು ಸಣ್ಣ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ.

“ಅಕ್ಕಾ, ಅರ್ಜಂಟ್ ಮಾರಾಕತ್ತೀರಿ ಅಂದ್ರ ರೇಟು ಸ್ವಲ್ಪ...”

“ಸ್ವಲ್ಪ ಏನಪಾ? ಈ ಟಗರ ನನ್ನ ಗಂಡನ ಪಾಲಿನ ತತ್ತಿ ತಿಂದೈತಿ. ಒಂದ ರೂಪಾಯಿ ಕಡಿಮಿ ಮಾಡಿದ್ರ ನಿನ್ನ ಟೆಂಪೋ ಓಣಿ ದಾಟಂಗಿಲ್ಲ.”

ಮಾಳು ತಾನು ಕಡೆಯ ಸಲ ಹೇಳಿದ್ದ ಇಪ್ಪತ್ತೈದು ಸಾವಿರವನ್ನೇ ಎಣಿಸಿಕೊಟ್ಟ. ಅಪ್ಪಾಸಾಬ ಹೊರಗೆ ಬರಲಿಲ್ಲ. ಸರದಾರ ಮಾತ್ರ, ಮಾಳು ಅಂಗೈಯಲ್ಲಿ ಬೆಲ್ಲದ ತುಂಡು ತೋರಿಸಿದ ಕೂಡಲೇ, ಹಿಂದೆ ತಿರುಗಿಯೂ ನೋಡದೆ ಟೆಂಪೋ ಹತ್ತಿತು. ಬಾಗಿಲ ಸಂದಿಯಿಂದ ಅದನ್ನು ನೋಡಿದ ಅಪ್ಪಾಸಾಬನ ಕಣ್ಣಲ್ಲಿ ನೀರು ಬಂತು.

ಮರುದಿನ ಸತ್ಯವ್ವ ಮಗ್ಗಕ್ಕೆ ರಜೆ ಹಾಕಿ ಊರು ಸುತ್ತಿದಳು. ಮೊದಲು ಮಲಕಾಜಪ್ಪನಲ್ಲಿಗೆ ಹೋಗಿ, ಗಂಡ ಮುಂಗಡವಾಗಿ ಪಡೆದು ವರ್ಷಗಟ್ಟಲೆ ತೀರದೆ ಉಳಿದಿದ್ದ ಬಾಕಿಯನ್ನೆಲ್ಲ ಕೊಟ್ಟಳು. ಆ ಬಾಕಿ ಇರುವವರೆಗೆ ಅವನು ಬೇರೆ ಕೆಲಸ ಹಿಡಿಯುವಂತಿರಲಿಲ್ಲ, ಎದ್ದು ಕೂರುವಂತಾದ ದಿನವೇ ಅದೇ ಧೂಳಿಗೆ ಮರಳಬೇಕಿತ್ತು. “ಬಾಕಿ ತೀರಿಸಿದ ಮಗ್ಗದಾಂವನ್ನ ನಾ ಇವತ್ತಿನ ತನಕಾ ಕಂಡಿದ್ದಿಲ್ಲ” ಎಂದು ಮಲಕಾಜಪ್ಪ ನೋಟುಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಅಲ್ಲಿಂದ ಕಿರಾಣಿ ಅಂಗಡಿಯ ಉದ್ರಿ, ಅಲ್ಲಿಂದ ಕಂಪೌಂಡರನ ಬಾಕಿ. ಉಳಿದದ್ದರಲ್ಲಿ ವರ್ಷಕ್ಕಾಗುವಷ್ಟು ಜೋಳ, ಬೇಳೆ, ಎಣ್ಣೆ, ಶೇಂಗಾ. ಕೊನೆಯ ನೋಟಿನಲ್ಲಿ ಕೋಳಿ ಸಾರಿಗೆ ಬೇಕಾದದ್ದನ್ನು ತಂದಳು. ಸಾರು ಕುದಿಯುವ ವಾಸನೆಗೆ ಶಂಕ್ರೆವ್ವ ಎರಡು ಸಲ ಬಂದು ಬೆಂಕಿಪೊಟ್ಟಣ ಕೇಳಿದಳು.

ಗಂಡನ ಮುಂದೆ ತಾಟಿಟ್ಟು, ರೊಟ್ಟಿ ಮುರಿದು ಸಾರು ಹಾಕಿ, ಸೊಂಟದ ಸಂಚಿಯನ್ನು ಬಿಚ್ಚಿ ಒಳಮೈ ಹೊರಗೆ ಮಾಡಿ ಅವನೆದುರು ಕೊಡವಿದಳು. ಒಂದು ಅಡಿಕೆ ಚೂರು ಬಿತ್ತು.

“ಎಲ್ಲಾ ಮುಗೀತೇನು?” ಅಪ್ಪಾಸಾಬ ಗಾಬರಿಯಾಗಿ ಕೇಳಿದ.

“ಎಲ್ಲಾ.”

“ನಿನಗಂತ ಒಂದೀಟರ ಇಟ್ಕೋಬೇಕಿತ್ತಲ್ಲ. ನಾಳೆ ನಾ ಇಲ್ಲಂದ್ರ...”

“ನಾಳೆ ನೀವು ಇಲ್ಲಂದ್ರ ನಾ ಬೀದ್ಯಾಗ ನಿಂದರ್ತೇನಿ. ಮಾಯಾ ಬೀದ್ಯಾಗ ನಿಂದರ್ತಾಳ. ಮತ್ತ ಓಣ್ಯಾಗ ಪಟ್ಟಿ ಎತ್ತತಾರ. ನಿಮ್ಮನ್ನ ಬಿಟ್ಟರ ನಮಗ ಈಗ ಏನಂದ್ರ ಏನೂ ಉಳಿದಿಲ್ಲ. ಚಂದಂಗಿ ತಿಳಕೋರಿ.” ಅವಳ ದನಿ ಎಂದೂ ಇಲ್ಲದಷ್ಟು ಸಣ್ಣದಾಗಿತ್ತು.

ಅಪ್ಪಾಸಾಬ ಅವಳ ಮುಖವನ್ನೇ ನೋಡಿದ. ತುಟಿಯ ಅಂಚಿನಲ್ಲಿ ಒಂದಿಷ್ಟು ನಗು ಬಂದು ಹೋಯಿತು.

“ಹಂಗಾರ ನನಗ ಸಾಯಾಕೂ ಬರೂದಿಲ್ಲ ಅಂತಿ?”

“ಬರೂದಿಲ್ರಿ. ನಮಗ ಅದು ಪರವಡೂದಿಲ್ಲ.”

ಅಪ್ಪಾಸಾಬ ತಾಟನ್ನು ತಾನೇ ಹತ್ತಿರ ಎಳೆದುಕೊಂಡ.